ಬೀಳಗಿಯ ಹೊಲವೂ ಲೆಕ್ಕಕ್ಕೆ

ಮುಧೋಳ
17 ಫೆಬ್ರುವರಿ 2009

ತೀರ್ಥರೂಪ ಅತ್ತೆಯವರಿಗೆ,

ಜಯ ಜಿನೇಂದ್ರ. ನಿಮ್ಮ ಸೊಸೆ ದೂರದಿಂದಲೇ ಕಾಲು ಮುಟ್ಟಿ ನಮಸ್ಕರಿಸುತ್ತಾಳೆ. ಮಗಳು ಪ್ರಾಚಿಯ ಕೆಮ್ಮು ಕಡಿಮೆಯಾಗಿರಬೇಕು. ಈ ಪತ್ರವನ್ನು ಮಾತ್ರ ಅವಳಿಂದ ಓದಿಸಬೇಡಿ. ಬಸದಿಯಿಂದ ಬಂದ ಮೇಲೆ ಕನ್ನಡಕ ಹಾಕಿಕೊಂಡು ನೀವೊಬ್ಬರೇ ಓದಿ. ಫೋನಿನಲ್ಲೇ ಹೇಳೋಣವೆಂದು ತೇರದಾಳಕ್ಕೆ ಎರಡು ಸಲ ಹಚ್ಚಿದೆ. ನಿಮ್ಮ ದನಿ ಕೇಳಿದೊಡನೆ ಮಗಳ ಊಟ, ಶಾಲೆ ಎಂದು ಏನೇನೋ ಕೇಳಿ ಇಟ್ಟುಬಿಟ್ಟೆ.

ಹೋದ ವಾರ ನೀವು ಎರಡು ಮಾತು ಕೇಳಿದಿರಿ. "ನಮ್ಮ ತಾತ್ಯಾನ ಕಾಳು ಯಾವಾಗ ಹೊರಗ ಬರ್ತೈತಿ?" ಎಂದು ನಿಮ್ಮ ಮಗನ ರಾಜ್ಮಾ ತಳಿಯ ಬಗ್ಗೆ ಒಂದು. "ಬೀಳಗಿ ಹೊಲದಾಗ ಅಂವ ಕಾಣಸ್ತಾನಂತ ಮಂದಿ ಅಂತಾರ, ಖರೆ ಏನ?" ಎಂದು ಇನ್ನೊಂದು. ಎರಡಕ್ಕೂ ಉತ್ತರ ಈ ಪತ್ರದಲ್ಲಿದೆ. ಎರಡನೆಯದನ್ನೇ ಮೊದಲು ಹೇಳುತ್ತೇನೆ.

ಬೀಳಗಿ ಕಡೆ ನಮ್ಮ ಕೃಷಿ ಕೇಂದ್ರದವರು ತಳಿಗಳ ಪ್ರಯೋಗಕ್ಕೆ ಹಿಡಿದ ಹೊಲ ಯಂಕವ್ವ ಎಂಬ ಹೆಣ್ಣುಮಗಳದು. ಅವಳ ನದಿದಂಡೆಯ ಎರೆಭೂಮಿಯೆಲ್ಲ ಆಲಮಟ್ಟಿಯ ಹಿನ್ನೀರಿಗೆ ಹೋಯಿತು. ಉಳಿದದ್ದು ಮೇಲಿನ ಕಲ್ಲು ದಿನ್ನೆ. ಆ ಹೊಲ ನೋಡಲು ಹೋಗುವಾಗಲೇ ಮೂರು ವರ್ಷದ ಹಿಂದಿನ ಕಾರ್ತೀಕದಲ್ಲಿ ದೋಣಿ ಮಗುಚಿದ್ದು. ಜೊತೆಗಿದ್ದವರು ಈಜಿ ದಂಡೆ ಸೇರಿದರು. ನಿಮ್ಮ ಮಗ ಸಿಗಲೇ ಇಲ್ಲ. ಅವರು ಶುರುಮಾಡಿದ ಕೆಲಸ ನನ್ನ ಕೈಗೆ ಬಂತು, ಆ ಹೊಲವೂ ಬಂತು.

ಈ ಚಳಿಗಾಲ ನಸುಕಿನಲ್ಲೇ ಅಲ್ಲಿಗೆ ಹೋಗುತ್ತಿದ್ದೆ, ಅವರ ಕಂದು ಸ್ವೆಟರು, ಟೊಪ್ಪಿಗೆ ಹಾಕಿಕೊಂಡು. ನಿಮಗೆ ಹೇಳಿರಲಿಲ್ಲ. ಒಂದು ದಿನ ಯಂಕವ್ವ ಚಹಾ ತಂದವಳು ಮೆಲ್ಲಗೆ ಹೇಳಿದಳು:

"ಬಾಯಾರ, ಮೊನ್ನಿ ಅಮಾಸಿ ದಿನ ಸಾಹೇಬ್ರು ಬಂದಿದ್ರು. ಬಗ್ಗಿ ಗಿಡದ ಹೂವು ನೋಡಾಕತ್ತಿದ್ರು. ಛಾ ಕುಡೀರಿ ಅಂದೆ, ತಿರುಗಿ ನೋಡಲಿಲ್ಲ."

"ಯಂಕವ್ವ, ಅದು ನಾನ. ಅವರ ಸ್ವೆಟರ್ ಹಾಕ್ಕೊಂಡು ಬರ್ತೀನಲ್ಲ, ಅದಕ್ಕ ಹಂಗ ಕಂಡಿರಬೇಕು" ಎಂದೆ.

"ನೀವು ಬಂದ್ರ ನನ್ನ ನಾಯಿ ಬೊಗಳತೈತ್ರಿ. ಸಾಹೇಬ್ರು ಬಂದ್ರ ಬೊಗಳಂಗಿಲ್ಲ" ಎಂದಳು.

ಅಮಾವಾಸ್ಯೆಯ ದಿನ ನಾನು ರನ್ನ ಬೆಳಗಲಿಯ ಹೊಲದಲ್ಲಿದ್ದೆ, ಅತ್ತೆ. ಇದನ್ನು ಅವಳಿಗೆ ಹೇಳಲಿಲ್ಲ.

ಮರುವಾರ ಸ್ವೆಟರು ಬಿಟ್ಟು, ಶಾಲು ಹೊದ್ದು ಹೋದೆ. ನೀರು ಇಳಿಯುತ್ತಿತ್ತು. ಮುಳುಗಿದ ಊರಿನ ಗೋಡೆಗಳು ಕೆಸರು ಮೆತ್ತಿಕೊಂಡು ಒಂದೊಂದಾಗಿ ಮೇಲೆ ಬರುತ್ತಿದ್ದವು. ಸುತ್ತ ಯಾರೂ ಇರಲಿಲ್ಲ. ಮದುವೆಯಾದ ಮೇಲೆ ಒಮ್ಮೆಯೂ ಅವರ ಹೆಸರು ಹಿಡಿದು ಕರೆದವಳಲ್ಲ, ಅಂದು ಕೂಗಿದೆ. ಗೋಡೆಗಳಿಗೆ ತಾಗಿ ನನ್ನ ದನಿಯೇ ತಿರುಗಿ ಬಂತು. ಕಣ್ಣಿಗೆ ಗಿಡಗಳ ಹೊರತು ಏನೂ ಕಾಣಲಿಲ್ಲ. ಆದರೆ ಹಿಂತಿರುಗುವಾಗ ಬೆನ್ನ ಹಿಂದೆ ಯಾರೋ ಸಾಲು ತುಳಿಯದಂತೆ ಅಡ್ಡಡ್ಡ ಹೆಜ್ಜೆ ಇಡುತ್ತ ಬರುವ ಸಪ್ಪಳ. ಹಾಗೆ ನಡೆಯುತ್ತಿದ್ದವರು ಅವರೊಬ್ಬರೇ. ಹೊಲದಂಚಿನ ಬಾಂದಿನವರೆಗೂ ತಿರುಗಿ ನೋಡದೆ ಬಂದೆ. ಹೆದರಿಕೆಯಿಂದಲ್ಲ, ತಿರುಗಿದರೆ ಸಪ್ಪಳ ನಿಂತೀತೆಂದು.

ಇನ್ನು ಕಾಳಿನ ಮಾತು.

ರಾಜ್ಮಾ ನಮ್ಮ ಕಡೆಯ ಬೆಳೆಯೇ ಅಲ್ಲ. ತುಸು ಸೆಕೆಯಾದರೆ ಹೂವು ಉದುರಿಸುತ್ತದೆ, ತುಸು ನೀರು ನಿಂತರೆ ಬೇರು ಕೊಳೆಯುತ್ತದೆ. ಅದಕ್ಕೇ ಅವರು ನಾಲ್ಕು ಬಗೆಯ ನೆಲ ಆರಿಸಿದ್ದರು: ರನ್ನ ಬೆಳಗಲಿಯ ಕಾಲುವೆ ನೀರು, ರಬಕವಿಯ ಹೊಳೆದಂಡೆಯ ಮಳಲು, ಜಮಖಂಡಿಯ ಕರಿನೆಲ, ಬೀಳಗಿಯ ಕಲ್ಲುದಿನ್ನೆ. ನಾಲ್ಕೂ ಕಡೆ, ಒಳ್ಳೆಯ ವರ್ಷ ಕೆಟ್ಟ ವರ್ಷ ಎನ್ನದೆ, ರೈತನ ಕೈಬಿಡದ ತಳಿ ಬೇಕೆಂಬುದು ಅವರ ಹಟ. ಅವರು ಮೆಚ್ಚಿ ಬೆಳೆಸಿದ್ದು ಕೆಂಪು ಚುಕ್ಕೆಯ ಕಾಳು. ಮೊದಲ ಹಿಡಿ ಕಾಳನ್ನು ಪ್ರಾಚಿಯ ಅಂಗೈಗೆ ಸುರಿದು ಕುಣಿದಾಡಿದ್ದು ನಿಮಗೂ ನೆನಪಿರಬೇಕು. ರನ್ನ ಬೆಳಗಲಿಯಲ್ಲಿ ಅದನ್ನು ಮೀರಿಸುವ ತಳಿಯಿಲ್ಲ. ಬೀಳಗಿಯಲ್ಲಿ ಮಾತ್ರ ಮೂರೂ ವರ್ಷ ಹೂವು ಉದುರಿ ಬರಿ ಗಿಡ ನಿಂತಿತು. ಅದರ ಪಕ್ಕದ ಸಾಲಿನಲ್ಲೊಂದು ಮಣ್ಣು ಬಣ್ಣದ ಕಾಳಿದೆ, ನೋಡಲು ಚೆಂದವಿಲ್ಲ. ಅದು ಎಲ್ಲಿಯೂ ಮೊದಲು ಬರಲಿಲ್ಲ. ಆದರೆ ಮೂರೂ ವರ್ಷ ನಾಲ್ಕೂ ಕಡೆ, ಬೀಳಗಿಯಲ್ಲೂ, ಕಾಯಿ ಬಿಟ್ಟಿತು.

ನಿನ್ನೆ ನಮ್ಮ ಕೇಂದ್ರದಲ್ಲಿ ಸಭೆ. ಯಾವ ತಳಿಯನ್ನು ಬಿಡುಗಡೆಗೆ ಕಳಿಸಬೇಕೆಂದು ನಾನೇ ಹೇಳಬೇಕಿತ್ತು. ಒಳಗೆ ಹೋಗುವ ಮೊದಲು ದೊಡ್ಡ ಸಾಹೇಬರು ನನ್ನನ್ನು ಬದಿಗೆ ಕರೆದರು. ಒಳ್ಳೆಯ ಮನುಷ್ಯ, ಕರುಣೆಯಿಂದಲೇ ಹೇಳಿದರು: "ತಂಗಿ, ಬೀಳಗಿ ಹೊಲ ಒಂದು ಬಿಟ್ಟು ಲೆಕ್ಕ ಹಾಕೂಣು. ಅಂಥಾ ಕಲ್ಲಿನಾಗ ಯಾರು ಬಿತ್ತತಾರ? ಚುಕ್ಕಿ ಕಾಳು ತಾನ ಮೇಲ ಬರ್ತೈತಿ. ಅವನ ಹೆಸರರ ಉಳೀಲಿ."

ಹೂಂ ಎನ್ನುವುದು ಬಾಯಿಯವರೆಗೆ ಬಂತು. ನಿಮ್ಮ ಮುಖ ಕಣ್ಣ ಮುಂದೆ ನಿಂತಿತ್ತು. ಆದರೆ ಯಾರು ಬಿತ್ತುತ್ತಾರೆ ಎಂದು ಅವರು ಕೇಳಿದ್ದೇ ನನಗೆ ಚುಚ್ಚಿತು. ಯಂಕವ್ವ ಬಿತ್ತುತ್ತಾಳೆ. ಅವಳಿಗೆ ಬೇರೆ ನೆಲವಿಲ್ಲ. ಅವಳಂಥವರಿಗೆಂದೇ ನಿಮ್ಮ ಮಗ ದೋಣಿ ಹತ್ತಿದ್ದು. ಆ ಹೊಲ ಲೆಕ್ಕಕ್ಕಿಲ್ಲವೆಂದರೆ ಅಂದು ಅವರು ಹೋದದ್ದು ಎಲ್ಲಿಗೆ?

"ಬೀಳಗಿ ಬಿಡಾಕ ಬರೂದಿಲ್ರೀ ಸರ್" ಎಂದೆ. ಒಳಗೆ ಹೋಗಿ ಮಣ್ಣು ಬಣ್ಣದ ಕಾಳಿನ ಪರವಾಗಿ ಮಾತಾಡಿದೆ. ಎಲ್ಲರೂ ಒಪ್ಪಿದರು. ಚುಕ್ಕೆ ಕಾಳು ಅಲ್ಲಿಗೆ ನಿಂತಿತು, ಅವರ ಹೆಸರಿನಲ್ಲಿ ಹೊರಗೆ ಬರುವುದಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ. ಆ ಕಾರ್ತೀಕದಲ್ಲಿಯೂ ಅಷ್ಟು ಅತ್ತಿರಲಿಲ್ಲ. ಆಗ ಬಂದೇ ಬರುತ್ತಾರೆಂಬ ಆಸೆಯಿತ್ತು.

ಇಂದು ಬೆಳಗ್ಗೆ ಯಂಕವ್ವನ ಹೊಲಕ್ಕೆ ಹೋಗಿ ಬಂದೆ. ನಾಯಿ ಬೊಗಳಿತು, ಅಷ್ಟೇ. ಹಿಂದೆ ಸಪ್ಪಳವಿರಲಿಲ್ಲ. ಅವರಿಗೆ ಸಿಟ್ಟು ಬಂತೋ, ಸಮಾಧಾನವಾಯಿತೋ, ನನಗೆ ತಿಳಿಯದು. ನಿಮಗೆ ಸಿಟ್ಟು ಬಂದರೆ ಬಯ್ಯಿರಿ. ಮಾತು ಮಾತ್ರ ಬಿಡಬೇಡಿ.

ನಿಮ್ಮ ಸೊಸೆಯಾಗಿಯೇ ಉಳಿದಿರುವ
ಪ್ರತಿಮಾ

ತಾ.ಕ.: ಪತ್ರದ ಜೊತೆಗಿರುವ ಚೀಲದಲ್ಲಿ ಅವರ ಚುಕ್ಕೆ ಕಾಳಿದೆ. ಬೀಜಕ್ಕೆ ಬೇಕಾದಷ್ಟನ್ನು ಕೇಂದ್ರದ ತಣ್ಣನೆಯ ಕೋಣೆಯಲ್ಲಿ ಇಟ್ಟಿದ್ದೇವೆ, ಇದು ಉಣ್ಣುವುದಕ್ಕೆ. ಇಷ್ಟು ವರ್ಷ ತೂಗಿದೆವು, ಎಣಿಸಿದೆವು. ಅದರ ರುಚಿ ಹೇಗೆಂದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ನೀವು ರವಿವಾರ ಬೆಳಗ್ಗೆ ನೆನೆಹಾಕಿರಿ, ನಾನು ಹೊತ್ತು ಮುಳುಗುವುದರೊಳಗೆ ಉಣ್ಣುವಂತೆ ಬರುತ್ತೇನೆ. ನಿಮಗೆ, ಪ್ರಾಚಿಗೆ, ನನಗೆ, ಮೂರೇ ತಾಟು ಹಾಕಿರಿ. ನೀವು ದಿನಾ ಅವರದೊಂದು ತಾಟನ್ನೂ ಹಾಕಿ, ಉಂಡ ಮೇಲೆ ತೊಳೆದಿಡುವುದನ್ನು ಪ್ರಾಚಿ ಹೇಳಿದ್ದಾಳೆ. ಇಲ್ಲಿ ನಾನೂ ಒಂದು ಹಾಕುತ್ತಿದ್ದೆ.