ಕಲ್ಲಿಟ್ಟು ನೋಡದ ಕಾಟಾ

ಅಪ್ಪಾ,

ನಿನ್ನ ತೂಕದ ಕಲ್ಲು ಇನ್ನೂ ಚಿಕ್ಕನರಗುಂದದ ಮನೆಯಲ್ಲೇ ಇದೆ. ಹಿತ್ತಲ ಬಾಗಿಲು ಗಾಳಿಗೆ ಬಡಿಯಬಾರದೆಂದು ಅವ್ವ ಅದನ್ನು ಅಡ್ಡ ಇಡುತ್ತಾಳೆ. ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಕಲ್ಲಿನ ಮೇಲಲ್ಲ.

ನರಗುಂದದ ಪೇಟೆಗೆ ಕಡಲೆ ಒಯ್ಯುತ್ತಿದ್ದ ದಿನಗಳು ನೆನಪಿವೆಯಾ? ಆ ಐದು ಕಿಲೋ ಕಲ್ಲನ್ನು ನೀನು ಟವೆಲ್ಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದೆ. ದಲಾಲಿ ಚೀಲಕ್ಕೆ ಕೈ ಹಾಕುವ ಮೊದಲು ಅವನ ತೂಕದ ಕಾಟಾದ ಮೇಲೆ ಕಲ್ಲಿಡುತ್ತಿದ್ದೆ. ಅದು ಐದು ತೋರಿಸಿದರೆ ಮಾತ್ರ ಮುಂದಿನ ಮಾತು. "ನಮ್ಮ ಮ್ಯಾಲ ನಂಬಿಕಿ ಇಲ್ಲೇನ್ರಿ ಯಜಮಾನ್ರ?" ಅಂತ ಅವನು ನಗುತ್ತಿದ್ದ. "ನಿಮ್ಮ ಮ್ಯಾಲ ಐತ್ರಿ, ಕಾಟಾದ ಮ್ಯಾಲ ಇಲ್ಲ," ಅನ್ನುತ್ತಿದ್ದೆ ನೀನು. ನಾನು ನಾಚಿಕೊಂಡು ಚೀಲಗಳ ಹಿಂದೆ ನಿಲ್ಲುತ್ತಿದ್ದೆ.

ಅಂಥವನು ನೀನು ದವಾಖಾನೆಯ ಬಾಗಿಲಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡೆ. ನಿನ್ನ ಮೈ ರಕ್ತ ತಯಾರಿಸುವುದನ್ನೇ ಬಿಟ್ಟಿತ್ತು. ಮೇಲಿಂದ ಮೇಲೆ ರಕ್ತ ಹಾಕಿಸಬೇಕು. ಹಾಗೆ ಹಾಕಿಸಿದ ರಕ್ತದ ಕಬ್ಬಿಣ ಹೋಗಿ ಯಕೃತ್ತಿನಲ್ಲಿ, ಹೃದಯದಲ್ಲಿ ಕೂರುತ್ತದೆ, ಅದನ್ನು ಇಳಿಸಲು ಮತ್ತೆ ಗುಳಿಗೆ. ಸೂಜಿ ಚುಚ್ಚಿ ಯಕೃತ್ತಿನ ಚೂರು ತೆಗೆಯುವುದು ಬೇಡ, ಎಷ್ಟು ಕಬ್ಬಿಣ ಕೂತಿದೆಯೆಂದು ಎಂಆರ್‌ಐ ಯಂತ್ರವೇ ಲೆಕ್ಕ ಹೇಳುತ್ತದೆ ಅಂದರು ಡಾಕ್ಟರು. ನಿನಗೆ ಎಷ್ಟು ಖುಷಿ. "ಮೈಯಾಗಿನ ಕಬ್ಬಿಣಾನೂ ತೂಗ್ತಾರಂತ ನೋಡು ಯವ್ವಾ," ಅಂದಿದ್ದೆ.

ಮೊದಲ ಸಲ ಒಂದು ದವಾಖಾನೆಯಲ್ಲಿ ತೂಗಿಸಿದೆವು. ಮರುವರ್ಷ ಅಲ್ಲಿ ಸರದಿ ಸಿಗಲಿಲ್ಲವೆಂದು ಬೇರೆ ಊರಿನ ಸ್ಕ್ಯಾನ್ ಕೇಂದ್ರಕ್ಕೆ ಹೋದೆವು. ಅಂಕಿ ಅರ್ಧಕ್ಕರ್ಧ ಇಳಿದಿತ್ತು. ಡಾಕ್ಟರು ಗುಳಿಗೆ ಕಡಿಮೆ ಮಾಡಿದರು. ನೀನು ಗಜೇಂದ್ರಗಡದ ಸೋದರತ್ತೆಗೆ ಫೋನ್ ಮಾಡಿದೆ, ಅವ್ವನಿಗೆ ಹೋಳಿಗೆ ಮಾಡು ಅಂದೆ. ನಾವೆಲ್ಲ ಕೂತು ಉಂಡೆವು.

ಮಳೆಗಾಲ ಮುಗಿಯುವ ಮೊದಲೇ ನಿನ್ನ ಕಾಲು ಬಾತವು. ಮಲಗಿದರೆ ಉಸಿರಾಡಲು ಆಗುತ್ತಿರಲಿಲ್ಲ. ಕಬ್ಬಿಣ ಇಳಿದೇ ಇರಲಿಲ್ಲ ಅಪ್ಪಾ. ಎರಡು ಯಂತ್ರ, ಎರಡು ಲೆಕ್ಕದ ರೀತಿ. ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ಓದಬಾರದಿತ್ತು. ನೀನು ಹೋದ ಮೇಲೆ ಡಾಕ್ಟರನ್ನು ಕೇಳಿದೆ. "ಮಷೀನಿಗೆ ಮಷೀನು ಸ್ವಲ್ಪ ಫರಕ್ ಇರ್ತದವಾ," ಅಂದರು, ಇನ್ನೊಬ್ಬರ ರಿಪೋರ್ಟು ನೋಡುತ್ತ. ಸ್ವಲ್ಪವಂತೆ. ಕಡಲೆ ಚೀಲದಲ್ಲಿ ಅಷ್ಟು ಫರಕ್ ಬಂದಿದ್ದರೆ ಪೇಟೆ ಬಂದ್ ಆಗುತ್ತಿತ್ತು.

ನಿನ್ನ ಮೇಲೂ ಸಿಟ್ಟಿದೆ, ಹೇಳಿಯೇ ಬಿಡುತ್ತೇನೆ. ಕಲ್ಲು ಹೊತ್ತು ಪೇಟೆಯೆಲ್ಲ ತಿರುಗಿದವನಿಗೆ ಅಲ್ಲಿ ಒಂದು ಮಾತು ಕೇಳಲು ಏನಾಗಿತ್ತು? "ಅವ್ರು ಕಲಿತವ್ರು, ನಾವೇನ್ ಕೇಳೂದು," ಅಂದೆ ನೀನು. ಕಡಲೆಗೆ ಮಾಡಿದಷ್ಟು ಕಾಳಜಿಯನ್ನು ನಿನ್ನ ಜೀವಕ್ಕೆ...

ಮೊನ್ನೆ ರಾಜೂರದ ಮಾವನನ್ನು, ಅದೇ ಅವ್ವನ ತಮ್ಮನನ್ನು, ನಾವು ಮೊದಲು ಹೋಗಿದ್ದ ದವಾಖಾನೆಗೆ ಕರೆದೊಯ್ದಿದ್ದೆ. ಅವನ ಯಕೃತ್ತಿನಲ್ಲಿ ಕೊಬ್ಬು ಎಷ್ಟಿದೆ ಅಂತ ಅಳೆಯಬೇಕಿತ್ತು. ಅವನನ್ನು ಒಳಗೆ ಬಿಡುವ ಮೊದಲು ಯಂತ್ರ ನಡೆಸುವಾಕೆ ಪುಟ್ಟ ಬಾಟಲಿಗಳ ಡಬ್ಬಿಯೊಂದನ್ನು ಯಂತ್ರದೊಳಗೆ ಕಳಿಸಿ ತೆಗೆದಳು. ಅದೇನು ಅಂದೆ. "ಇದರಾಗ ಕೊಬ್ಬು ಎಷ್ಟೈತಿ ಅಂತ ನಮಗ ಮೊದ್ಲ ಗೊತ್ತಿರ್ತೈತ್ರಿ. ಮಷೀನು ಅಷ್ಟ ತೋರಸ್ತದೋ ಇಲ್ಲೋ ನೋಡೂದು. ಈಗೀಗ ಸುರು ಮಾಡೀವ್ರಿ. ಎಲ್ಲಾ ಕಡೆ ಲೆಕ್ಕ ಒಂದ ಬರಬೇಕಲ್ರಿ?"

"ಚಲೋ ಆತು ಬಿಡ್ರಿ," ಅಂದೆ. ಹಾಗೆ ಅನ್ನಬೇಕಾಗಿತ್ತು, ಅಂದೆ. ಆಮೇಲೆ ಹೊರಗಿನ ಬೆಂಚಿನ ಮೇಲೆ ಕೂತು ಅತ್ತೆ.

ಮುಂದಿನ ಸಲವೂ ಮಾವನನ್ನು ಅದೇ ಯಂತ್ರಕ್ಕೇ ಒಯ್ಯುತ್ತೇನೆ. ಬಾಟಲಿ ಒಳಗೆ ಹೋಗಿ ಬಂದದ್ದನ್ನು ಕಣ್ಣಾರೆ ಕಾಣದೆ ಅವನನ್ನು ಒಳಗೆ ಬಿಡುವುದಿಲ್ಲ, ಇದು ನಿನಗೆ ಕೊಟ್ಟ ಮಾತು. ನಿನ್ನ ಸರದಿಯಲ್ಲಿ ಬಾಟಲಿ ಇರಲಿಲ್ಲ ಅಪ್ಪಾ. ಆ ಎರಡೂ ಕಾಟಾಗಳ ಫರಕ್ ತೋರಿಸಲು ಕಲ್ಲಾಗಿ ಹೋದವನು ನೀನೇ.