ಜೂನ್ ಒಂದರಂದು ಹುಟ್ಟಿದವರು

ಜೂನ್ ೧, ಸೋಮವಾರ.

ಮೊಮ್ಮಗಳು ಇಂಚರಳಿಗೆ ನ್ಯಾಮತಿಯ ಸರ್ಕಾರಿ ಶಾಲೆಯಲ್ಲಿ ಒಂದನೇ ತರಗತಿ ಸಿಗಲಿಲ್ಲ. ಹೊಸ ನೀತಿಯಂತೆ ಇವತ್ತಿಗೆ ಆರು ವರ್ಷ ತುಂಬಿರಬೇಕು. ಎಂಟು ದಿನ ಕಡಿಮೆ. ಇನ್ನೊಂದು ವರ್ಷ ಯುಕೆಜಿಯೇ. ‘ಕೈಂಡ್ಲಿ ಕನ್ಸಿಡರ್’ ಎಂದೆ, ಮುಂದಿನ ಇಂಗ್ಲಿಷ್ ನೆನಪಾಗಲಿಲ್ಲ. ಮುಖ್ಯಶಿಕ್ಷಕಿ ಪ್ರೇಮಲತಾ ನಕ್ಕಳು. ನಾನೇ ಒಂದನೇ ತರಗತಿಗೆ ಸೇರಿಸಿಕೊಂಡಿದ್ದ ಹುಡುಗಿ.

“ಆವಾಗ ಎಲ್ರಿಗೂ ಜೂನ್ ಒಂದು ಅಂತ ಬರೀತಿದ್ರಿ ಮೇಷ್ಟ್ರೇ, ನನಗೂ. ಈಗ ಆನ್‌ಲೈನ್ ಐತ್ರಿ, ತಿದ್ದಾಕೆ ಆಗಲ್ಲ.”

ತಾರೀಖು ಗೊತ್ತಿಲ್ಲದವರಿಗೆ ಹಾಗೆ ಬರೆಯುತ್ತಿದ್ದೆ, ನಿಜ. ನನ್ನವಳಿದ್ದಿದ್ದರೆ, ಮಗು ಇನ್ನೊಂದು ವರ್ಷ ಆಡಲಿ ಬಿಡ್ರಿ, ಎನ್ನುತ್ತಿದ್ದಳು. ಹೊರಡುವಾಗ, ಹಾಗಾದರೆ ಇವತ್ತು ನಿನ್ನ ಹುಟ್ಟುಹಬ್ಬ, ಎಂದೆ.

“ದೀಪಾವಳಿ ಮಾರನೇ ದಿನ ಹುಟ್ಟಿದ್ದು ಅಂತ ನಮ್ಮವ್ವ ಹೇಳಿದ್ಲಲ್ರೀ. ನೀವು ಕೇಳಿಸ್ಕಳ್ಳಿಲ್ಲ.”

ಕೇಳಿಸಿಕೊಂಡಿದ್ದೆ. ತಾರೀಖು ಹುಡುಕಲು ಹಳೆಯ ಪಂಚಾಂಗ ತೆಗೆಯಬೇಕಿತ್ತು, ಮಕ್ಕಳನ್ನು ಸೇರಿಸಲು ಬಂದವರ ಸಾಲು ಉದ್ದವಿತ್ತು...