ಮೆಟ್ಟು ಬಿಚ್ಚಿಸದೆ ನೋಡಿದ ಕಾಲು

ಸಕ್ಕರೆ ಕಾಯಿಲೆ ಶಿಬಿರಗಳ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ಯಜಮಾನರಿಗೆ ಒಂದೇ ಕಾಲು ಉಳಿದಿದ್ದಾಗ ನಿಮ್ಮ ಶಿಬಿರದವರು ಅವರ ಚೀಟಿಯಲ್ಲಿ ‘ಎರಡೂ ಪಾದ ಪರೀಕ್ಷಿಸಿದೆ, ಸರಿಯಿದೆ’ ಎಂದು ಬರೆದರು. ಅಂದು ಯಜಮಾನರು ಶಿಬಿರಕ್ಕೆ ಬಂದಿರಲೂ ಇಲ್ಲ. ಮಾತ್ರೆಗೆಂದು ಚೀಟಿ ಹಿಡಿದು ನಾನು ಬಂದಿದ್ದೆ. ಕತ್ತರಿಸಿ ತೆಗೆದ ಕಾಲನ್ನು ಎಲ್ಲಿ ಹುಡುಕಿ ಪರೀಕ್ಷಿಸಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಯಜಮಾನರ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಚೀಟಿಯಲ್ಲಿ ಬೋರಯ್ಯ ಎಂದಿದೆ. ಕುರಿ ಹೊಡೆದುಕೊಂಡು ಹಿರಿಯೂರಿನ ವೇದಾವತಿ ದಂಡೆಯವರೆಗೆ ನಡೆಯುತ್ತಿದ್ದವರು ಫರ್ಲಾಂಗಿಗೊಮ್ಮೆ ಕೂರತೊಡಗಿದರು. ಮೀನಖಂಡ ಹಿಡಿಯುತ್ತಿತ್ತು, ಕೂತರೆ ಬಿಡುತ್ತಿತ್ತು. ಹಬ್ಬದ ದಿನ ಅವರ ಪಾದ ಮುಟ್ಟಿ ನಮಸ್ಕರಿಸುವಾಗ ಬಲಗಾಲು ಬೆಚ್ಚಗೆ, ಎಡಗಾಲು ಕಲ್ಲಿನಂತೆ ತಣ್ಣಗೆ ಕೈಗೆ ತಾಗಿತು. ಅವರನ್ನು ನಿಮ್ಮ ಶಿಬಿರಕ್ಕೆ ಕರೆತಂದು ಹೇಳಿದೆ. ಬೆರಳು ಚುಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

“ಮೆಟ್ಟು ಬಿಚ್ಚಿಸ್ಲೇನ್ರಿ?” ಎಂದೆ.

“ಬ್ಯಾಡ ಬಿಡಮ್ಮ, ಹಿಂದೆ ಜನ ನಿಂತವ್ರೆ. ವಯಸ್ಸಾದೋರ ಕಾಲು ತಣ್ಣಗೇ ಇರ್ತಾವೆ.”

ಯಜಮಾನರು ನಕ್ಕರು. “ಹಬ್ಬಕ್ಕೊಂದ್ಸಲ ಕಾಲು ಮುಟ್ತಾಳೆ ಸ್ವಾಮಿ, ಅದ್ಕೇ ಗಾಬ್ರಿ ಇವಳಿಗೆ.”

ಮನೆಗೆ ಬಂದು ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಉಪ್ಪು ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಆ ಪಾದಕ್ಕೆ ಶಾಖ ಕೊಟ್ಟೆ. “ಸುಡ್ತೈತಾ?” ಎಂದರೆ “ಇಲ್ಲ, ಇನ್ನೊಂಚೂರು ಒತ್ತು” ಎಂದರು. ಪಾದಕ್ಕೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಬೊಬ್ಬೆ ಎದ್ದಿತು, ಹುಣ್ಣಾಯಿತು, ಕಪ್ಪಾಯಿತು. ದಾವಣಗೆರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು.

ಅಲ್ಲಿನ ವೈದ್ಯರು ಹೇಳಿದ ಮೇಲೆ ತಿಳಿಯಿತು: ರೋಗಿಯನ್ನು ಹತ್ತು ನಿಮಿಷ ಮಲಗಿಸಿ, ತೋಳಿನಲ್ಲೂ ಕಣಕಾಲಿನಲ್ಲೂ ರಕ್ತದೊತ್ತಡ ಅಳೆದು ಹೋಲಿಸಿದರೆ ಕಾಲಿಗೆ ರಕ್ತ ಇಳಿಯುತ್ತಿದೆಯೇ ಎಂದು ಗೊತ್ತಾಗುತ್ತದಂತೆ. ಸಕ್ಕರೆಯವರ ರಕ್ತನಾಳ ಗಡುಸಾಗಿದ್ದರೆ ಕಾಲ್ಬೆರಳಿನಲ್ಲೂ ನೋಡಬೇಕಂತೆ. ಕುರಿ ಕೊಳ್ಳುವವನೂ ನಾಲ್ಕು ಕಾಲು ಎತ್ತಿ ನೋಡದೆ ವ್ಯಾಪಾರ ಮಾಡುವುದಿಲ್ಲ. ಮನುಷ್ಯನ ಕಾಲು ಅಷ್ಟಕ್ಕೂ ಬಾಳುವುದಿಲ್ಲವೇ?

ಆಮೇಲೆ ಏಳು ತಿಂಗಳು ಬದುಕಿದ್ದರು. “ಎಡಗಾಲು ತಣ್ಣಗಾಗೈತೆ, ಕಂಬಳಿ ಹೊದ್ಸು” ಎನ್ನುತ್ತಿದ್ದರು. ಇಲ್ಲದ ಕಾಲಿಗೆ ಹೊದಿಸುತ್ತಿದ್ದೆ. ಹೊದಿಸಿದರೆ ಸುಮ್ಮನಾಗುತ್ತಿದ್ದರು. ಅವರು ಹೋಗಿ ವರ್ಷವಾದರೂ, ಮಲಗುತ್ತಿದ್ದ ಜಾಗದಲ್ಲಿ ಆ ಕಾಲನ್ನು ತುಳಿದೇನೆಂದು ಈಗಲೂ ಸುತ್ತಿ ದಾಟುತ್ತೇನೆ.

ಹೋದ ವಾರ ಮೈದುನ ಜಂಪಣ್ಣ ಜಗಲಿಯಲ್ಲಿ ಕೂತು “ಅತ್ತಿಗೆ, ಯಾಕೋ ಎಡಗಾಲು ತಣ್ಣಗಾಗೈತೆ” ಎಂದ. ಅಣ್ಣನದೇ ದನಿ. ಅವನಿಗೂ ಸಕ್ಕರೆ. ದಾವಣಗೆರೆಗೆ ಹೋಗಾಣ ಎಂದರೆ ನಿಮ್ಮ ಚೀಟಿ ತೋರಿಸುತ್ತಾನೆ: “ಸರಿ ಐತಂತ ಸರ್ಕಾರದೋರೇ ಬರ್ದವ್ರೆ. ನೀನ್ಯಾವ ಡಾಕ್ಟ್ರು?”

ಬರುವ ಗುರುವಾರದ ಶಿಬಿರಕ್ಕೆ ಅವನನ್ನು ಕರೆತರುತ್ತೇನೆ. ಮಲಗಿಸಲು ಮಂಚ, ಅಳೆಯುವ ಉಪಕರಣ, ಅದನ್ನು ಬಲ್ಲ ಒಬ್ಬರು ಅಲ್ಲಿರಬೇಕು. ಸಾಲಿನಲ್ಲಿ ನಿಂತ ಪ್ರತಿಯೊಬ್ಬರ ಕಾಲನ್ನೂ ನೋಡಬೇಕು. ಆಗದಿದ್ದರೆ ಚೀಟಿಯಲ್ಲಿ ‘ನೋಡಿಲ್ಲ’ ಎಂದು ಕೈಯಾರೆ ಬರೆದು ಸಹಿ ಹಾಕಿ. ಆ ಒಂದು ಮಾತು ಸಾಕು, ಅಂದೇ ಅವನನ್ನು ದಾವಣಗೆರೆ ಬಸ್ಸು ಹತ್ತಿಸುತ್ತೇನೆ. ‘ಸರಿಯಿದೆ’ ಎಂಬುದನ್ನು ನಂಬಿ ಇನ್ನೊಬ್ಬರನ್ನು ಮನೆಗೆ ವಾಪಸು ಕರೆತರುವ ಧೈರ್ಯ ನನಗಿಲ್ಲ.

ಇಂತಿ,
ತಡವಾಗಿ ತಿಳಿದುಕೊಂಡ
ಉಚ್ಚಂಗೆಮ್ಮ,
ದುರ್ಗದ ಸೀಮೆ